ಕಾಂಗರೂವಿನ ಹಲ್ಲು ಮತ್ತು ವಯಸ್ಸಿನ ಲೆಕ್ಕ

ದನ, ಕುದುರೆಗಳ ಬಾಯಿ ತೆರೆಸಿ, ಹಾಲುಹಲ್ಲು ಬಿದ್ದು ಹೊಸ ಬಾಚಿಹಲ್ಲು ಮೂಡಿದ ಕ್ರಮವನ್ನೂ ಅವುಗಳ ಸವೆತವನ್ನೂ ನೋಡಿ ಪ್ರಾಯ ಹೇಳುವ ಪದ್ಧತಿ ಬಹಳ ಹಳೆಯದು. ಆದರೆ ಆಸ್ಟ್ರೇಲಿಯದ ಕಾಂಗರೂಗಳಿಗೆ ಈ ಪದ್ಧತಿ ಒಗ್ಗುವುದಿಲ್ಲ. ಇದಕ್ಕೆ ಕಾರಣವನ್ನು ಸ್ಪಷ್ಟಪಡಿಸಿದವನು ಇಂಗ್ಲೆಂಡಿನ ಅಂಗರಚನಾ ವಿಜ್ಞಾನಿ ವಿಲಿಯಂ ಹೆನ್ರಿ ಫ್ಲವರ್. ಹೊಟ್ಟೆಚೀಲದಲ್ಲಿ ಮರಿಗಳನ್ನು ಸಾಕುವ ಪ್ರಾಣಿಗಳಲ್ಲಿ ದವಡೆಯ ಪ್ರತಿ ಪಕ್ಕದಲ್ಲೂ ಒಂದೇ ಒಂದು ಹಲ್ಲು, ಎಂದರೆ ದವಡೆಹಲ್ಲುಗಳ ಮುಂದಿರುವ ಕೊನೆಯ ಮುಂದವಡೆ ಹಲ್ಲು ಮಾತ್ರ, ಬದಲಾಗುತ್ತದೆಂದು ಅವನು 1867ರಲ್ಲಿ ತೋರಿಸಿದನು.

ಹಲ್ಲು ಬದಲಾಗದ ಕೊರತೆಯನ್ನು ಕಾಂಗರೂವಿನ ದವಡೆ ಹಲ್ಲಿನ ಚಲನೆಯಿಂದ ತುಂಬಿಕೊಳ್ಳುತ್ತದೆ. ನಾಲ್ಕು ದವಡೆಹಲ್ಲುಗಳು ಒಂದರ ಹಿಂದೊಂದು ಮೂಡಿ, ಜೀವಮಾನವಿಡೀ ನಿಧಾನವಾಗಿ ಮೂತಿಯ ಕಡೆಗೆ ಸರಿಯುತ್ತವೆ. ಒರಟು ಹುಲ್ಲನ್ನು ಅರೆದು ಸವೆದ ಮುಂದಿನವು ಉದುರಿದಂತೆ ಹಿಂದಿನವು ಅವುಗಳ ಕೆಲಸವನ್ನು ವಹಿಸಿಕೊಳ್ಳುತ್ತವೆ. ಹೀಗಾಗಿ ಹಲ್ಲಿನ ಸ್ಥಾನವೇ ವಯಸ್ಸಿನ ಗುರುತಾಗುತ್ತದೆ.

ಮಾಂಸ ಮತ್ತು ತೊಗಲಿಗಾಗಿ ಕಾಂಗರೂಗಳ ಬೇಟೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದ್ದ 1960ರ ದಶಕದಲ್ಲಿ, ಅವುಗಳ ಹಿಂಡಿನಲ್ಲಿ ಎಳೆಯವೆಷ್ಟು, ಮುದಿಯವೆಷ್ಟು ಎಂಬುದನ್ನು ಅರಿಯದೆ ಬೇಟೆಯ ಮಿತಿಯನ್ನು ಗೊತ್ತುಪಡಿಸುವಂತಿರಲಿಲ್ಲ. 1964ರಲ್ಲಿ ಜೆಫ್ರಿ ಶಾರ್ಮನ್, ಹ್ಯಾರಿ ಫ್ರಿತ್ ಮತ್ತು ಜಾನ್ ಕ್ಯಾಲಬಿ ಕೆಂಪು ಕಾಂಗರೂವಿನ ಚೀಲದ ಮರಿಯ ಬೆಳವಣಿಗೆಯನ್ನೂ ಹಲ್ಲು ಮೂಡುವ ಕ್ರಮವನ್ನೂ ವಿವರಿಸಿದರು. ಅದೇ ವರ್ಷ ಕ್ವೀನ್ಸ್‌ಲ್ಯಾಂಡಿನ ಟಿ. ಎಚ್. ಕರ್ಕ್‌ಪ್ಯಾಟ್ರಿಕ್ ದವಡೆಹಲ್ಲುಗಳ ಮುಂಚಲನೆಯಿಂದ ವಯಸ್ಸನ್ನು ಅಂದಾಜಿಸುವ ವಿಧಾನವನ್ನು ಮಂಡಿಸಿದರು. ತಲೆಬುರುಡೆಯಲ್ಲಿ ಕಣ್ಣಿನ ಕುಳಿಯ ಮುಂದಿನ ಅಂಚಿಗೆ ನೇರವಾಗಿ ಒಂದು ಗೆರೆಯನ್ನು ಕಲ್ಪಿಸಿ, ಅದನ್ನು ದಾಟಿದ ದವಡೆಹಲ್ಲುಗಳನ್ನು ಎಣಿಸುವುದೇ ಈ ವಿಧಾನದ ತಿರುಳು. ಎರಡು ಹಲ್ಲುಗಳು ಪೂರ್ತಿ ದಾಟಿ ಮೂರನೆಯದು ಅರ್ಧ ದಾಟಿದ್ದರೆ ಸೂಚ್ಯಂಕ 2.5 ಆಗುತ್ತದೆ. ವಯಸ್ಸು ತಿಳಿದ ಪ್ರಾಣಿಗಳ ಅಳತೆಗಳೊಡನೆ ಹೋಲಿಸಿ ಈ ಸೂಚ್ಯಂಕವನ್ನು ವರ್ಷಗಳಿಗೆ ಪರಿವರ್ತಿಸಲಾಗುತ್ತದೆ.

ಎಳವೆಯಲ್ಲಿ ಚುರುಕಾಗಿರುವ ಈ ಚಲನೆ ವಯಸ್ಸಾದಂತೆ ಮಂದವಾಗುವುದರಿಂದ, ಮುದಿ ಪ್ರಾಣಿಗಳಲ್ಲಿ ಅಂದಾಜಿನ ತಪ್ಪು ಹೆಚ್ಚುತ್ತದೆ. ಹಲ್ಲು ಸರಿಯುವ ವೇಗ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾದ್ದರಿಂದ ಒಂದರ ಕೋಷ್ಟಕ ಇನ್ನೊಂದಕ್ಕೆ ಸಲ್ಲುವುದಿಲ್ಲ. ಆದರೂ ಈ ಲೆಕ್ಕದ ಬೆಲೆ ಅಪಾರವಾದುದು. ತೀವ್ರ ಬರದಲ್ಲಿ ಕೆಂಪು ಕಾಂಗರೂಗಳ ಸಂತಾನೋತ್ಪತ್ತಿ ಕುಂಠಿತವಾಗಿ ಮರಿಗಳು ಉಳಿಯುವುದೂ ವಿರಳವಾಗುವುದರಿಂದ, ಸಂಗ್ರಹಿಸಿದ ಬುರುಡೆಗಳಲ್ಲಿ ಒಂದು ವಯಸ್ಸಿನವು ತೀರ ಕಡಿಮೆಯಿದ್ದರೆ ಅದು ಹಿಂದಿನ ಬರಗಾಲದ ಸಾಕ್ಷ್ಯವಾಗಬಲ್ಲದು. ಅಂಗರಚನೆಯ ಒಂದು ವೈಚಿತ್ರ್ಯವಾಗಿದ್ದ ಸಂಗತಿಯು ಹೀಗೆ ಕಾಡುಪ್ರಾಣಿಗಳ ಹಿಂಡಿನ ಏಳುಬೀಳನ್ನು ಓದುವ ಸಾಧನವಾಯಿತು.