ಹಿರಿಯರ ಭಾಷಣ, ಗಡಿಯ ಮಕ್ಕಳ ಪಾಠ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಅನೇಕ ಕನ್ನಡ ಮನೆಗಳಲ್ಲಿ ಮಗು ತಾಯಿಯೊಡನೆ ಆಡುವ ನುಡಿ ಒಂದು, ಶಾಲೆಯಲ್ಲಿ ಬರೆಯುವ ನುಡಿ ಇನ್ನೊಂದು. ಈ ಇಬ್ಬಂದಿ ನಮಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಉದಗೀರದ ನೆರೆಯ ಭಾಲ್ಕಿ ಸೀಮೆಯಲ್ಲಿ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಉದಗೀರ, ನಿಲಂಗಾಗಳೂ ಉಸ್ಮಾನಾಬಾದ ಜಿಲ್ಲೆಯ ಉಮರ್ಗಾವೂ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಕರ್ಯವಿರಬೇಕೆಂದು ಹೇಳುತ್ತದೆ. ಕನ್ನಡ ಶಾಲೆ ದೂರವಿರುವಲ್ಲಿ ಆ ಹೊಣೆಯನ್ನು ಸಂಘವೂ ಮನೆಯೂ ಹೊರಬೇಕಾಗುತ್ತದೆ.

ಆಡಬಲ್ಲ, ಆದರೆ ಓದಲಾರದ ಮಗುವಿಗೆ ಎಲ್ಲಿಂದ ಪಾಠ ಆರಂಭಿಸಬೇಕು? ಕಿವಿಗೆ ಮೊದಲು ಒದಗುವ ಭಾಷಣದಿಂದ ಎಂಬುದು ನನ್ನ ನಮ್ರ ಅಭಿಪ್ರಾಯ.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಪ್ರಸಿದ್ಧ ಉಪನ್ಯಾಸವಿತ್ತರು. ಇಂಗ್ಲಿಷ್ ಕಲಿಸುತ್ತಿದ್ದ ಅವರಿಗೆ ಆಗ ಇನ್ನೂ 27ರ ಹರೆಯ. ಆ ಶೀರ್ಷಿಕೆಯೊಂದೇ ಒಂದು ದಿನದ ಪಾಠಕ್ಕೆ ಸಾಕು. ಅದರಲ್ಲಿ ಒಂದೂ ಸಂಸ್ಕೃತ ಪದವಿಲ್ಲ. ನಮ್ಮ ಮಗು ಮನೆಯಲ್ಲಿ ‘ತಲಿ’ ಎನ್ನುತ್ತದೆ. ಬರಹದಲ್ಲಿ ಅದು ‘ತಲೆ’. ‘ಮನಿ’, ‘ಮನೆ’ಗಳಲ್ಲಿಯೂ ಇದೇ ಕ್ರಮ. ‘ತಲೆ’ಗೆ ‘ಎತ್ತುವ’ ಸೇರುವಾಗ ನಡುವೆ ಯಕಾರ ಬರುವುದನ್ನು ಉಚ್ಚರಿಸಿ ತೋರಿಸಿದರೆ, ಆಗಮ ಸಂಧಿ ಬಾಯಿಪಾಠವಿಲ್ಲದೆ ತಿಳಿಯುತ್ತದೆ. ಮಾತಿಗೆ ತಲೆ ಉಂಟೇ ಎಂದು ಮಗು ಕೇಳಿದರೆ ಅಲಂಕಾರದ ಪಾಠವೂ ಆರಂಭವಾಯಿತು. ಅದೇ ಶ್ರೀಯವರು 1928ರಲ್ಲಿ ಕಲಬುರಗಿಯಲ್ಲಿ, ನಿಜಾಮ ಸಂಸ್ಥಾನದೊಳಗೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದುದನ್ನೂ ಹೇಳಬೇಕು.

ಇನ್ನೊಬ್ಬರು ನಮಗೆ ಮತ್ತಷ್ಟು ಹತ್ತಿರದವರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಸ್ವಪ್ರಯತ್ನದಿಂದ ಸಾಧಿಸಿ ‘ಸಿದ್ಧರಾಮ ಪುರಾಣ’ ರಚಿಸಿದರು. 1974ರಲ್ಲಿ ಮಂಡ್ಯದ 48ನೆಯ ಸಮ್ಮೇಳನದ ಅಧ್ಯಕ್ಷಪೀಠದಿಂದ ಮಾತನಾಡಿದರು. 1915ರಲ್ಲಿ ಆರಂಭವಾದ ಈ ಪರಂಪರೆಯಲ್ಲಿ ಆ ಪೀಠವೇರಿದ ಮೊದಲ ಮಹಿಳೆ ಅವರೇ. ಮರಾಠಿ ಶಾಲೆಗೆ ಹೋಗುವ ನಮ್ಮ ಹೆಣ್ಣುಮಗುವಿಗೆ ಇದಕ್ಕಿಂತ ಧೈರ್ಯ ತುಂಬುವ ಪಾಠ ಯಾವುದಿದೆ?

ಕ್ರಮ ಸರಳವಾಗಿದೆ. ಭಾಷಣದ ಒಂದು ಪುಟವನ್ನು ಗುರುಗಳು ಗಟ್ಟಿಯಾಗಿ ಓದಲಿ. ಉಸಿರು ನಿಲ್ಲುವೆಡೆ ಮಕ್ಕಳು ಗೆರೆ ಎಳೆಯಲಿ. ಲೇಖನ ಚಿಹ್ನೆಗಳ ಅರ್ಥ ಆಗ ಹೊಳೆಯುತ್ತದೆ. ತಿಳಿಯದ ಪದಕ್ಕೆ ಅಜ್ಜಿ ಬಳಸುವ ಪದವನ್ನು ಕೇಳಿ ಬರಲಿ. ಅದೇ ಮಾತನ್ನು ಮರಾಠಿಯಲ್ಲಿಯೂ ಹೇಳಲಿ; ನೆರೆನುಡಿ ನಮಗೆ ಹೊರೆಯಲ್ಲ, ಆಸರೆ. ಕೊನೆಗೆ ತಮ್ಮೂರಿನ ಬಾವಿ, ಜಾತ್ರೆ, ಹೊಲಗಳ ಕುರಿತು ಐದು ವಾಕ್ಯ ಬರೆದು, ಎದ್ದು ನಿಂತು ಹೇಳಲಿ.

ಇಂಥ ಸಮ್ಮೇಳನಗಳ ವೇದಿಕೆಯಲ್ಲಿ ಹಿರಿಯರ ಭಾಷಣಗಳ ನಡುವೆ ಅಂಥ ಒಂದು ಮಗುವಿಗೂ ಐದು ನಿಮಿಷ ಮೀಸಲಿಡುವಂತಾಗಲಿ.