ಲಾವಂಚದ ತಟ್ಟಿಯಿಂದ ಏಸಿ ಡಕ್ಟಿನವರೆಗೆ

ಮೇ ತಿಂಗಳು ಬಂತೆಂದರೆ ದೆಹಲಿಯಲ್ಲಿ ಪಶ್ಚಿಮದಿಂದ ‘ಲೂ’ ಬೀಸುತ್ತದೆ. ಬಿಸಿಯಾದ, ಧೂಳು ಹೊತ್ತ ಒಣಗಾಳಿ. ಅದನ್ನು ತಣಿಸಿ, ಸೋಸಿ ಒಳಗೆ ಬಿಟ್ಟುಕೊಳ್ಳುವ ವಿದ್ಯೆ ಉತ್ತರದ ಬಯಲಿಗೆ ಹಳೆಯದು. ಅಕ್ಬರನ ಆಡಳಿತವನ್ನು ದಾಖಲಿಸಿದ ಅಬುಲ್ ಫಜಲ್, ಲಾವಂಚದ ಬೇರಿನಿಂದ ಕಟ್ಟಿ ನೀರು ಚಿಮುಕಿಸಿದ ‘ಖಸ್‌ಖಾನಾ’ ಎಂಬ ತಂಪುಕೋಣೆಯನ್ನು ‘ಆಯಿನ್-ಇ-ಅಕ್ಬರಿ’ಯಲ್ಲಿ ವರ್ಣಿಸಿದ್ದಾನೆ.

ಬ್ರಿಟಿಷರ ಬಂಗಲೆಗಳಿಗೂ ಅದೇ ಬೇರಿನ ತಟ್ಟಿ ಬಂತು. ಬಿದಿರಿನ ಚೌಕಟ್ಟಿಗೆ ಬೇರು ಹೆಣೆದು ಬಾಗಿಲಿಗೆ ತೂಗುಹಾಕಿದರೆ ಸಾಲದು. ಅದು ಸದಾ ಒದ್ದೆಯಾಗಿರಬೇಕು. ಹಾದುಹೋಗುವ ಗಾಳಿಯ ಶಾಖವನ್ನು ಹೀರಿಯೇ ನೀರು ಆವಿಯಾಗುವುದು, ಧೂಳು ಒದ್ದೆ ಬೇರಿಗೆ ಅಂಟಿಕೊಳ್ಳುವುದು. ಚರ್ಮದ ಚೀಲ ಹೊತ್ತ ಭಿಶ್ತಿ ಬಿಸಿಲಲ್ಲಿ ನಿಂತು ನೀರೆರಚಿದರೆ ಮಾತ್ರ ಒಳಗಿದ್ದವರಿಗೆ ತಂಪು, ಕಂಪು. ಆ ತಂಪಿನ ಕೀರ್ತಿ ನಿಜವಾಗಿ ಸಲ್ಲಬೇಕಾದ್ದು ಅವನಿಗೆ.

ಆಮೇಲೆ ಬಂದ ಕೂಲರ್ ಅದೇ ತತ್ವದ ತಗಡಿನ ಪೆಟ್ಟಿಗೆ. ಅದರ ಹುಲ್ಲಿನ ಪ್ಯಾಡ್ ಬದಲಿಸಬೇಕು, ನಿಂತ ನೀರು ಚೆಲ್ಲಬೇಕು. ಇಲ್ಲದಿದ್ದರೆ ಡೆಂಗಿ ಸೊಳ್ಳೆ.

ಏಸಿಯ ಕತೆ ಬೇರೆ. ಬಹುತೇಕ ಮನೆಯ ಏಸಿಗಳು ಹೊರಗಾಳಿ ತರುವುದಿಲ್ಲ, ಒಳಗಿನದನ್ನೇ ಸುತ್ತಿಸುತ್ತವೆ. ಅವುಗಳ ಜಾಲರಿ ದಪ್ಪ ಧೂಳು ಹಿಡಿದೀತು. ಚಳಿಗಾಲದ ಹೊಂಜಿನ (ಹೊಗೆಮಂಜಿನ) ಪಿಎಂ 2.5 ಸೂಕ್ಷ್ಮ ಕಣಗಳು ನುಸುಳುತ್ತವೆ. ನೆಹರೂ ಪ್ಲೇಸ್‌ನ ಪಹಾರ್‌ಪುರ್ ಬಿಸಿನೆಸ್ ಸೆಂಟರಿನಲ್ಲಿ ಉದ್ಯಮಿ ಕಮಲ್ ಮೀಟಲ್ ಒಳಗಾಳಿಯ ಶುದ್ಧಿಗೆ ಕುಂಡದ ಗಿಡಗಳನ್ನು ನಂಬಿ 2009ರಲ್ಲಿ ಜಗತ್ತಿನ ಗಮನ ಸೆಳೆದರು. ಆದರೆ ಮನೆಯ ನಾಲ್ಕು ಕುಂಡಗಳು ಫಿಲ್ಟರಿಗೆ ಬದಲಿಯಲ್ಲ.

ದೆಹಲಿ, ಗುರುಗ್ರಾಮ, ನೋಯ್ಡಾದ ಕನ್ನಡಿಗರೇ, ದೀಪಾವಳಿಗೆ ಮೊದಲೇ ಏಸಿಯ ಜಾಲರಿ ತೊಳೆಯಿರಿ. ಡಕ್ಟ್ (ಗಾಳಿ ಸಾಗುವ ಕೊಳವೆ) ಇದ್ದರೆ ಅದರೊಳಗೆ ಬೂಸ್ಟು ಕಟ್ಟಿದೆಯೇ ಎಂದು ತೆರೆಸಿ ನೋಡಿ.