ದಾಯಾದಿಗಳ ನಾಡಿನಲ್ಲಿ ಯಾರು ಯಾರ ಕಡೆ?

ಮೊನ್ನೆ ಭಾನುವಾರ ಮಧ್ಯಾಹ್ನ ಒಂದು ವಿಚಿತ್ರ ಕೆಲಸಕ್ಕೆ ಕೈ ಹಾಕಿದ್ದೆ. ದೊಡ್ಡ ಹಾಳೆಯೊಂದರ ಮೇಲೆ ಪಾಕಿಸ್ತಾನದ ವಜೀರಿಸ್ತಾನದ ಉಗ್ರರ ಗುಂಪುಗಳ ಹೆಸರು ಬರೆದು, ಸ್ನೇಹಕ್ಕೆ ಹಸಿರು ಗೆರೆ, ವೈರಕ್ಕೆ ಕೆಂಪು ಗೆರೆ ಎಳೆಯುತ್ತಾ ಹೋದೆ. ಇಂಜಿನಿಯರ್ ಬುದ್ಧಿ ನೋಡಿ! ಅರ್ಧ ಗಂಟೆಯಲ್ಲಿ ಎಲ್ಲಾ ಗೋಜಲು. ಒಂದೇ ಜೋಡಿಯ ನಡುವೆ ಹಸಿರೂ ಇತ್ತು, ಕೆಂಪೂ ಇತ್ತು. ಆಮೇಲೆ ಹೊಳೆಯಿತು, ಪ್ರತಿ ಗೆರೆಗೂ ಒಂದು ಇಸವಿ ಬೇಕು ಅಂತ.

ಪೇಪರಿನಲ್ಲಿ ಓದುವಾಗ ನಮಗೆಲ್ಲ 'ತಾಲಿಬಾನ್' ಅಂದರೆ ಒಂದೇ ಸೈನ್ಯ. ಆದರೆ ಅಲ್ಲಿ ಮೊದಲು ಬರೋದು ಬುಡಕಟ್ಟು. ದಕ್ಷಿಣ ವಜೀರಿಸ್ತಾನದ ನಡುಭಾಗ ಮೆಹಸೂದರದ್ದು. ವಾನಾ ಊರಿನ ಸುತ್ತಮುತ್ತ ಅಹ್ಮದ್‌ಜೈ ವಜೀರರು. ಉತ್ತರ ವಜೀರಿಸ್ತಾನದಲ್ಲಿ ಉತ್ಮಾನ್‌ಜೈ ವಜೀರರು ಮತ್ತು ದಾವರ್‌ಗಳು. ಮೆಹಸೂದರಿಗೂ ವಜೀರರಿಗೂ ತಲೆಮಾರುಗಳ ಜಗಳ.

ಪಷ್ತೋ ಭಾಷೆಯಲ್ಲಿ 'ತರ್ಬೂರ್' ಅಂತ ಒಂದು ಪದ ಇದೆ. ಅರ್ಥ ಚಿಕ್ಕಪ್ಪ ದೊಡ್ಡಪ್ಪನ ಮಗ. ಇನ್ನೊಂದು ಅರ್ಥ ಪ್ರತಿಸ್ಪರ್ಧಿ! ನಮ್ಮ 'ದಾಯಾದಿ' ಪದ ತಾನೇ ಇದು? ಜಮೀನಿನ ಬದುವಿಗೆ ಹೊಡೆದಾಡುವ ದಾಯಾದಿಗಳು ಪಕ್ಕದೂರಿನವನು ಬಂದರೆ ಒಂದಾಗಿಬಿಡುತ್ತಾರೆ. ಅವನು ಹೋದ ಮೇಲೆ ಮತ್ತೆ ಬದುವಿನ ಜಗಳ.

ಈ ಕನ್ನಡಕ ಹಾಕಿಕೊಂಡು ನೋಡಿದರೆ ಇತಿಹಾಸ ಸ್ವಲ್ಪ ತಿಳಿಯಾಗುತ್ತೆ. 2001ರ ನಂತರ ಅಫ್ಘಾನಿಸ್ತಾನದಿಂದ ಓಡಿಬಂದ ಅರಬರು, ಉಜ್ಬೆಕ್‌ಗಳು ವಾನಾ ಸುತ್ತ ನೆಲೆಸಿದರು. ಅವರಿಗೆ ಆಶ್ರಯ ಕೊಟ್ಟ ವಜೀರ ನಾಯಕ ನೇಕ್ ಮಹಮ್ಮದ್ ಜೊತೆ 2004ರ ಏಪ್ರಿಲ್‌ನಲ್ಲಿ ಪಾಕ್ ಸೇನೆ ಒಪ್ಪಂದ ಮಾಡಿಕೊಂಡಿತು. ಅದು ಬಹಳ ದಿನ ಉಳಿಯಲಿಲ್ಲ, ಜೂನ್‌ನಲ್ಲಿ ಆತ ಡ್ರೋನ್ ದಾಳಿಗೆ ಬಲಿಯಾದ. 2005ರಲ್ಲಿ ಮೆಹಸೂದರ ಬೈತುಲ್ಲಾ ಜೊತೆ ಇನ್ನೊಂದು ಒಪ್ಪಂದ.

2007ರಲ್ಲಿ ಕಥೆ ತಿರುಗಿತು. ಉಜ್ಬೆಕ್‌ಗಳು ಆಶ್ರಯ ಕೊಟ್ಟವರ ಮೇಲೇ ದರ್ಬಾರು ಶುರುಮಾಡಿದ್ದರು. ವಜೀರರ ಮೌಲ್ವಿ ನಜೀರ್ ಪಾಕ್ ಸೇನೆಯ ಬೆಂಬಲ ಪಡೆದು ಅವರನ್ನು ವಾನಾದಿಂದ ಓಡಿಸಿದ. ಓಡಿದವರಿಗೆ ಜಾಗ ಕೊಟ್ಟವನು ಬೈತುಲ್ಲಾ. ಅದೇ ಡಿಸೆಂಬರ್‌ನಲ್ಲಿ ಬೈತುಲ್ಲಾ ನಾಯಕತ್ವದಲ್ಲಿ ತೆಹ್ರಿಕ್-ಎ-ತಾಲಿಬಾನ್ ಪಾಕಿಸ್ತಾನ್ ಹುಟ್ಟಿತು. ಉತ್ತರದ ಹಾಫಿಜ್ ಗುಲ್ ಬಹಾದುರ್‌ಗೆ ಅದರಲ್ಲಿ ಎರಡನೇ ಸ್ಥಾನ. ಆದರೆ 2008ರ ಮಧ್ಯದ ಹೊತ್ತಿಗೆ ಬಹಾದುರ್, ನಜೀರ್ ಇಬ್ಬರೂ ವಜೀರರು ಬೈತುಲ್ಲಾ ವಿರುದ್ಧ ಒಂದಾದರು. 2009ರ ಫೆಬ್ರವರಿಯಲ್ಲಿ ಮೂವರೂ ಸೇರಿ ಹೊಸ ಕೂಟ ಕಟ್ಟಿದರು! ಅಮೆರಿಕ ಅಫ್ಘಾನಿಸ್ತಾನಕ್ಕೆ ಇನ್ನಷ್ಟು ಸೈನ್ಯ ಕಳಿಸುತ್ತಿದ್ದ ಕಾಲ ಅದು. ಪಕ್ಕದೂರಿನವನು ಬಂದಿದ್ದ.

ಆಗಸ್ಟ್‌ನಲ್ಲಿ ಬೈತುಲ್ಲಾ ಡ್ರೋನ್‌ಗೆ ಬಲಿಯಾದ. ಅಕ್ಟೋಬರ್‌ನಲ್ಲಿ ಸೇನೆ ಮೆಹಸೂದ್ ನೆಲಕ್ಕೆ ನುಗ್ಗಿದಾಗ ನಜೀರ್, ಬಹಾದುರ್ ಇಬ್ಬರೂ ಸುಮ್ಮನೆ ಕೂತರು. ಮೆಹಸೂದ್ ನೆಲಕ್ಕೆ ಹೋಗುವ ದಾರಿಗಳು ವಜೀರರ ನೆಲದ ಮೂಲಕವೂ ಹಾದುಹೋಗುತ್ತವೆ. ಸೇನೆಗೆ ಬೇಕಾಗಿದ್ದದ್ದು ಅವರ ಪ್ರೀತಿಯಲ್ಲ, ದಾರಿ!

ನಿಜ ಹೇಳಬೇಕೆಂದರೆ, ಇದನ್ನೆಲ್ಲ ಮೊದಲು ಓದಿದಾಗ 'ಪರವಾಗಿಲ್ಲ, ಸೇನೆ ಚೆನ್ನಾಗಿ ಚೆಸ್ ಆಡಿದೆ' ಅಂತ ಮೆಚ್ಚಿಕೊಂಡಿದ್ದೆ. ಪಾಕಿಸ್ತಾನದ ಮೇಲೆ ಗುಂಡು ಹಾರಿಸುವವನು ಕೆಟ್ಟ ತಾಲಿಬಾನ್, ಗಡಿಯಾಚೆ ಹಾರಿಸುವವನು ಒಳ್ಳೆಯ ತಾಲಿಬಾನ್. ಎಷ್ಟು ಸುಲಭ ಅಲ್ವಾ? ಆದರೆ 2014ರ ಜೂನ್‌ನಲ್ಲಿ ಅದೇ ಸೇನೆ ಉತ್ತರ ವಜೀರಿಸ್ತಾನಕ್ಕೂ ನುಗ್ಗಬೇಕಾಯಿತು. ಬಹಾದುರ್ ಜೊತೆಗಿನ ಸ್ನೇಹವೂ ಮುರಿಯಿತು. ಟಿಟಿಪಿಯೂ ಅದೇ ವರ್ಷ ಒಡೆಯಿತು, 2020ರಲ್ಲಿ ಬಿಟ್ಟುಹೋದ ಗುಂಪುಗಳು ಮತ್ತೆ ಸೇರಿಕೊಂಡವು. 2021ರಲ್ಲಿ ಕಾಬೂಲ್ ಅಫ್ಘಾನ್ ತಾಲಿಬಾನ್ ಕೈಗೆ ಬಂದ ಮೇಲೆ ಪಾಕಿಸ್ತಾನದಲ್ಲಿ ದಾಳಿಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು.

ನನ್ನ ಹಾಳೆಯಲ್ಲಿ ಒಂದು ಹೆಸರು ಇರಲೇ ಇಲ್ಲ, ಅಲ್ಲಿನ ಸಾಮಾನ್ಯ ಜನರದ್ದು. 1901ರಲ್ಲಿ ಬ್ರಿಟಿಷರು ಮಾಡಿದ ಕಾನೂನು ಅವರ ಮೇಲೆ 2018ರವರೆಗೂ ಇತ್ತು. ಒಬ್ಬ ತಪ್ಪು ಮಾಡಿದರೆ ಇಡೀ ಬುಡಕಟ್ಟಿಗೆ ಶಿಕ್ಷೆ ಕೊಡಬಹುದಾದ ಕಾನೂನು ಅದು. ನ್ಯಾಯ ಹೇಳುತ್ತಿದ್ದ ನೂರಾರು ಹಿರಿಯರನ್ನು ಉಗ್ರರು ಕೊಂದರು. ಸೇನೆ ಬಂದಾಗಲೆಲ್ಲ ಲಕ್ಷಾಂತರ ಜನ ಮನೆ ಬಿಟ್ಟು ಹೊರಟರು. ಹಸಿರು ಗೆರೆ ಕೆಂಪಾದಾಗಲೂ, ಕೆಂಪು ಹಸಿರಾದಾಗಲೂ ಗಂಟುಮೂಟೆ ಕಟ್ಟಿದವರು ಅವರೇ.

ನಮ್ಮ ತಾತ ಮತ್ತವರ ದಾಯಾದಿ ಹತ್ತು ವರ್ಷ ಮಾತು ಬಿಟ್ಟಿದ್ದರು, ಒಂದು ತೆಂಗಿನಮರಕ್ಕೆ. ಆದರೆ ಅವರ ನಡುವೆ ಒಂದು ಕೋರ್ಟು ಇತ್ತು, ಯಾರ ಕೈಯಲ್ಲೂ ಬಂದೂಕು ಇರಲಿಲ್ಲ, ಮೂರನೆಯವನು ಯಾರೂ ಬಂದು ಒಬ್ಬರಿಗೆ ಹಣ ಕೊಟ್ಟು ಎತ್ತಿಕಟ್ಟಲಿಲ್ಲ. ಅಷ್ಟೇ ವ್ಯತ್ಯಾಸ. ಆದರೆ ಎಷ್ಟು ದೊಡ್ಡ ವ್ಯತ್ಯಾಸ!

ಹಾಳೆ ಇನ್ನೂ ಟೇಬಲ್ ಮೇಲೇ ಇದೆ. ಹಸಿರು ಪೆನ್ನು ಮಾತ್ರ ಎತ್ತಿಟ್ಟಿದ್ದೇನೆ.